ಬೆನ್ನುಹುರಿಯ ಸೋರಿಕೆ ತಗ್ಗಿತು: ನನ್ನ ಅನುಭವ

"ನರಕೋಶಗಳೇ ಸಾಯ್ತಿವೆ, ರಕ್ತನಾಳ ರಿಪೇರಿ ಮಾಡಿ ಏನು ಸಿಗುತ್ತೆ?" ನಾನು ಕೆಲಸ ಮಾಡುವುದು ಎಎಲ್‌ಎಸ್ ಮೇಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ರೋಗ. ಬೆನ್ನುಹುರಿಯ ರಕ್ತನಾಳಗಳ ಸೋರಿಕೆಯನ್ನು ಕಾಂಡಕೋಶ ಕೊಟ್ಟು ತಡೆಯೋಣ ಅಂದಾಗಿನಿಂದ ಎರಡು ವರ್ಷ ಎಲ್ಲ ಮೀಟಿಂಗ್‌ನಲ್ಲೂ ಇದೇ ಪ್ರಶ್ನೆ. ಈಗ ನಾನು ಎರಡು ಬೆನ್ನುಹುರಿ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಕೋಶ ಕೊಡದ ಇಲಿಯದು ಇವಾನ್ಸ್ ಬ್ಲೂ (ಸೋರಿಕೆ ಕಾಣಲೆಂದು ರಕ್ತಕ್ಕೆ ಬಿಡುವ ಬಣ್ಣ) ಕುಡಿದು ನೀಲಿಯಾಗಿದೆ. ಕೊಟ್ಟ ಇಲಿಯದು ಹೆಚ್ಚುಕಡಿಮೆ ಬಿಳಿ.

ಎಸ್‌ಒಡಿ1 ಜಿ93ಎ ಇಲಿ, ಅಂದರೆ ಎಎಲ್‌ಎಸ್ ಬರಿಸುವ ಮನುಷ್ಯರ ಜೀನ್ ಸೇರಿಸಿದ ಇಲಿ, ಸಾಕಿದವರಿಗೆ ಗೊತ್ತೇ ಇದೆ, ಕಾಲು ಸೋಲುವ ಮೊದಲೇ ರಕ್ತಕ್ಕೂ ಬೆನ್ನುಹುರಿಗೂ ನಡುವಿನ ಬ್ಯಾರಿಯರ್ ಸೋರುತ್ತದೆ. ನಾಳದ ಗೋಡೆಯ ಕೋಶಗಳನ್ನು ಬಿಗಿಯಾಗಿ ಹೊಂದಿಸುವ ಪ್ರೋಟೀನ್‌ಗಳಾದ ಝಡ್‌ಒ-1, ಆಕ್ಲುಡಿನ್, ಕ್ಲಾಡಿನ್-5 ಮೂರೂ ಇಳಿದಿರುತ್ತವೆ. ಹಾಗಾಗಿ ನಾನು ನರಕೋಶದ ತಂಟೆಗೇ ಹೋಗಲಿಲ್ಲ. ಮನುಷ್ಯರ ಮೂಳೆಮಜ್ಜೆಯ ಸಿಡಿ34 ಕೋಶಗಳನ್ನು (ರಕ್ತದ ಕಾಂಡಕೋಶಗಳು) ಇಲಿಗೆ 13ನೇ ವಾರದ ಹೊತ್ತಿಗೆ ಬಾಲದ ರಕ್ತನಾಳಕ್ಕೆ ಕೊಟ್ಟೆ. ಇಲಿಯ ಮೈ ಅವನ್ನು ತಿರಸ್ಕರಿಸದಿರಲಿ ಅಂತ ದಿನಾ ಸೈಕ್ಲೋಸ್ಪೊರಿನ್.

ಮೊದಲ ಗುಂಪಿನ ಹನ್ನೆರಡರಲ್ಲಿ ಏಳೋ ಎಂಟೋ ಇಲಿಗಳು ಕೈಯಲ್ಲೇ ಸತ್ತವು. ಸೂಜಿ ತೆಗೆಯುವಷ್ಟರಲ್ಲಿ ಏದುಸಿರು, ಆಮೇಲೆ ಏನೂ ಇಲ್ಲ. ಕೊಯ್ದು ನೋಡಿದರೆ ಕೋಶಗಳು ಗಂಟುಕಟ್ಟಿ ಶ್ವಾಸಕೋಶದಲ್ಲಿ ಕೂತಿದ್ದವು. ಆ ವರ್ಷದ ರೀಏಜೆಂಟ್ ದುಡ್ಡಿನ ಮೂರನೇ ಒಂದು ಭಾಗ ಅಲ್ಲಿಗೆ ಹೋಯಿತು. ಫ್ರೀಜರ್‌ನಿಂದ ತೆಗೆದಾಗ ಸತ್ತ ಕೋಶಗಳ ಡಿಎನ್‌ಎ ಅಂಟಿನ ಹಾಗೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಹಾಕಿದೆ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿದೆ. ಒಂದೇ ಸಲ 10 ಲಕ್ಷ ಕೊಡುವ ಬದಲು 5 ಲಕ್ಷದಂತೆ ಎರಡು ಸಲ, ತುಂಬಾ ನಿಧಾನವಾಗಿ ಕೊಟ್ಟೆ. ಕೊನೇ ಸಲ ತೊಳೆಯುವ ದ್ರವದಲ್ಲಿ ಇನ್ನೊಂದು ಸಣ್ಣ ಬದಲಾವಣೆ ಇದೆ. ಪೇಪರ್ ಬರುವವರೆಗೆ ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಒಂದೂ ಇಲಿ ಹೀಗೆ ಸಾಯಲಿಲ್ಲ.

ಎರಡನೇ ಪೆಟ್ಟು ಇನ್ನೂ ಜೋರು. ಒಂದು ಗುಂಪು ಮೂರು ವಾರ ಜಾಸ್ತಿ ಬದುಕಿತು. ಲ್ಯಾಬ್‌ನಲ್ಲಿ ಹಬ್ಬ! ಯಾಕೋ ಅನುಮಾನ ಬಂದು ಕ್ಯೂಪಿಸಿಆರ್ (ಜೀನ್‌ನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಮಾಡಿದರೆ, ಆ ಸಾಲಿನ ಇಲಿಗಳಲ್ಲಿ ರೋಗ ತರುವ ಜೀನ್‌ನ ಪ್ರತಿಗಳೇ ಕಡಿಮೆಯಾಗಿದ್ದವು, ಅಂದರೆ ಅವಕ್ಕೆ ರೋಗವೇ ನಿಧಾನ. ಐದು ತಿಂಗಳ ಡೇಟಾ ಪೂರ್ತಿ ಬಿಟ್ಟೆ. ಈಗ ಜೀನ್‌ನ ಪ್ರತಿಗಳನ್ನು ಎಣಿಸದೆ ಯಾವ ಮರಿಯನ್ನೂ ಗುಂಪಿಗೆ ಸೇರಿಸುವುದಿಲ್ಲ.

ಇವಾನ್ಸ್ ಬ್ಲೂ ಅಳೆಯುವಾಗ ಪರ್ಫ್ಯೂಷನ್‌ನಲ್ಲಿ, ಅಂದರೆ ದ್ರವ ಹರಿಸಿ ನಾಳದ ರಕ್ತ ತೊಳೆಯುವಾಗ, ಆತುರ ಬೇಡ. ನಾಳದೊಳಗೇ ಉಳಿದ ನೀಲಿಯನ್ನೂ ಸೋರಿಕೆ ಅಂತ ಲೆಕ್ಕ ಹಾಕಿ ನಾನು ಕೆಟ್ಟಿದ್ದೇನೆ. ಲಿವರ್ ಪೂರ್ತಿ ಬಿಳಚಿಕೊಳ್ಳಬೇಕು, ಅಲ್ಲಿಯವರೆಗೆ ಪಂಪ್ ನಿಲ್ಲಿಸಲೇಬಾರದು.

ಕೊನೆಗೆ ಸೋರಿಕೆ ಅರ್ಧಕ್ಕಿಂತ ಕೆಳಗೆ ಬಂತು. ಆಯುಸ್ಸು ಹೆಚ್ಚಿದ್ದು ಒಂದು ವಾರದಷ್ಟು ಮಾತ್ರ. ಆದರೆ ರೋಗ ಶುರುವಾದ ಮೇಲೆ ಕೊಟ್ಟೂ ಕ್ಲಾಡಿನ್-5 ನಾಳದ ಗೋಡೆಗೆ ವಾಪಸ್ ಬಂದಿದ್ದು ನನಗೆ ದೊಡ್ಡ ವಿಷಯ.

ಈ ನಡುವೆ ಸುಮ್ನೆ ಕುತೂಹಲಕ್ಕೆ, ಇದೇ ಕೋಶಗಳು ಬೆಳೆದ ದ್ರವವನ್ನು ಸೋಸಿ ಡಿ3 ಕೋಶಗಳ (ಲ್ಯಾಬ್‌ನಲ್ಲಿ ಬೆಳೆಸುವ, ಮನುಷ್ಯರ ಮಿದುಳಿನ ರಕ್ತನಾಳದ ಗೋಡೆಯ ಕೋಶಗಳು) ಮೇಲೆ ಹಾಕಿದೆ. 35ರ ಆಸುಪಾಸಿದ್ದ ಟೀರ್ (ಕೋಶಗಳ ಪದರ ಎಷ್ಟು ಬಿಗಿ ಎಂದು ತೋರಿಸುವ ವಿದ್ಯುತ್ ರೋಧ) ಎರಡು ದಿನದಲ್ಲಿ 50 ದಾಟಿತು. ದ್ರವದಲ್ಲಿ ಕಾಂಡಕೋಶ ಒಂದೂ ಇರಲಿಲ್ಲ! ಹೊಸ ಗುಂಪಿಗೆ ಈಗ ಹತ್ತು ವಾರ. ಅರ್ಧದಷ್ಟು ಇಲಿಗಳಿಗೆ ಈ ಸಲ ಬರೀ ದ್ರವ ಕೊಡುತ್ತೇವೆ.