ಐಸ್‌ಕ್ರೀಂ ಹದ: ಯಾರಿಗೆ ಹೇಗೆ ಬೇಕೋ ಹಾಗೆ

ಐಸ್‌ಕ್ರೀಂನಲ್ಲಿ ನಿಮಗೇನಿಷ್ಟ ಎಂದರೆ ಎಲ್ಲರೂ ಹೇಳುವುದು ಫ್ಲೇವರ್ ಹೆಸರನ್ನೇ: ವೆನಿಲಾ, ಪಿಸ್ತಾ, ಬಟರ್‌ಸ್ಕಾಚ್. ಆದರೆ ಒಂದೇ ಮನೆಯಲ್ಲಿ ಅಜ್ಜಿಗೆ ಹಲ್ಲು ಜುಮ್ಮೆನ್ನಿಸದ ಮೆತ್ತನೆಯದು ಬೇಕು, ಮೊಮ್ಮಗನಿಗೆ ಕುಲ್ಫಿಯಂತೆ ಕಚ್ಚಿ ತಿನ್ನುವಂಥದ್ದು ಬೇಕು, ಇನ್ನೊಬ್ಬರಿಗೆ ಸಿಹಿ ಮುಂದಾದರೆ ಎರಡನೇ ಚಮಚ ಇಳಿಯುವುದಿಲ್ಲ. ಇದೆಲ್ಲ ಎಸೆನ್ಸಿನ ಮಾತಲ್ಲ, ಹದದ ಮಾತು. ಕೊಬ್ಬು, ಸಕ್ಕರೆ, ನೀರು, ಗಾಳಿ ಇವುಗಳ ಲೆಕ್ಕ ಗೊತ್ತಾದರೆ ಒಂದೇ ಮಿಶ್ರಣವನ್ನು ಬೇಕಾದ ಹಾಗೆ ತಿರುಗಿಸಬಹುದು.

ಮೊದಲು ಮೂಲ ಮಿಶ್ರಣ. ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3 ಮಾತ್ರ, ಇದಕ್ಕೆ ಸಾಲದು. ಶೇ. 6 ಕೊಬ್ಬಿನ ಫುಲ್ ಕ್ರೀಂ ಹಾಲು 500 ಮಿ.ಲೀ., ಶೇ. 25 ಕೊಬ್ಬಿನ ಫ್ರೆಶ್ ಕ್ರೀಂ 200 ಮಿ.ಲೀ., ಸಕ್ಕರೆ 110 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 40 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಒಂದು ಚಿಟಿಕೆ ಉಪ್ಪು ತೆಗೆದುಕೊಳ್ಳಿ. ಕುದಿಸಿದ ಮೇಲೆ ಇದು ಸುಮಾರು 800 ಗ್ರಾಂಗೆ ಇಳಿಯುತ್ತದೆ. ಆಗ ಕೊಬ್ಬು ಸರಿಸುಮಾರು ಶೇ. 10 ಬರುತ್ತದೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಐಸ್‌ಕ್ರೀಂ ಎನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ಹಾಲಿನ ಕೊಬ್ಬೂ ಅಷ್ಟೇ.

50 ಮಿ.ಲೀ. ತಣ್ಣನೆ ಹಾಲಿನಲ್ಲಿ ಕಾರ್ನ್‌ಫ್ಲೋರನ್ನು ಗಂಟಿಲ್ಲದಂತೆ ಕದಡಿಡಿ. ಸಕ್ಕರೆ ಮತ್ತು ಹಾಲಿನ ಪುಡಿಯನ್ನು ಒಣಗಿದ್ದಾಗಲೇ ಬೆರೆಸಿ, ಉಳಿದ ಹಾಲಿಗೆ ಹಾಕಿ ಕಾಯಿಸಿ. ಪುಡಿಯನ್ನು ಒಂದೇ ಸಲ ಬಿಸಿಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಕದಡಿಟ್ಟ ಕಾರ್ನ್‌ಫ್ಲೋರ್ ಹಾಕಿ ಐದಾರು ನಿಮಿಷ ತಳ ಹಿಡಿಯದಂತೆ ಕೈಯಾಡಿಸಿ. ಸೌಟನ್ನು ಮೇಲೆತ್ತಿ ಅದರ ಬೆನ್ನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಅಂಚು ಹರಿದು ಸೇರಿಕೊಂಡರೆ ಇನ್ನೂ ಆಗಿಲ್ಲ. ಗೆರೆ ಹಾಗೇ ನಿಂತರೆ ಇಳಿಸಿ. ಕ್ರೀಂ ಬೆರೆಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಈ ಕಾಯುವಿಕೆಯನ್ನು ದಯವಿಟ್ಟು ಬಿಡಬೇಡಿ. ಈ ಹೊತ್ತಿನಲ್ಲೇ ಕೊಬ್ಬು ಗಟ್ಟಿಯಾಗಿ, ಹಾಲಿನ ಪ್ರೋಟೀನ್ ನೀರನ್ನು ಹಿಡಿದುಕೊಳ್ಳುವುದು. ಬೆಚ್ಚಗಿದ್ದಾಗಲೇ ಫ್ರೀಜರಿಗೆ ತಳ್ಳಿದ್ದು ನಾಲಿಗೆಗೆ ಮಂಜಿನ ಪುಡಿಯಂತೆ ಸಿಗುತ್ತದೆ.

ಮರುದಿನ ಅಗಲವಾದ ಸ್ಟೀಲ್ ಡಬ್ಬಿಗೆ 2 ಸೆಂ.ಮೀ. ಮೀರದ ಹಾಗೆ ಸುರಿದು ಫ್ರೀಜರಿನಲ್ಲಿಡಿ. ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದು. ಸ್ಟೀಲ್ ಪ್ಲಾಸ್ಟಿಕ್‌ಗಿಂತ ಬೇಗ ತಣಿಯುತ್ತದೆ. ಸುಮಾರು ಒಂದೂವರೆ ಗಂಟೆಗೆ ಅಂಚು ಗಟ್ಟಿಯಾಗಿ, ನಡುವೆ ಗಂಜಿಯಂತೆ ಇರುತ್ತದೆ. ಆಗ ತಣ್ಣಗಿಟ್ಟ ಮಿಕ್ಸಿ ಜಾರಿಗೆ ಹಾಕಿ ಹತ್ತು ಹತ್ತು ಸೆಕೆಂಡು, ಮೂರು ಸಲ ತಿರುಗಿಸಿ ಮತ್ತೆ ಇಡಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ. ಜಾರು ಬೆಚ್ಚಗಿದ್ದು ಜಾಸ್ತಿ ತಿರುಗಿಸಿದರೆ ಕೊಬ್ಬು ಬೆಣ್ಣೆಯಾಗಿ ಬೇರ್ಪಟ್ಟು, ತಿಂದ ಮೇಲೆ ಅಂಗುಳಿಗೆ ಜಿಡ್ಡು ಅಂಟುತ್ತದೆ. ಕೊನೆಗೆ ಆರು ಗಂಟೆ ಅಲುಗಾಡಿಸದೆ ಬಿಡಿ.

ಇನ್ನು ಅವರವರ ರುಚಿಗೆ ಬರೋಣ. ಸಿಹಿ ಕಡಿಮೆ ಬೇಕೆನ್ನುವವರು ಸಕ್ಕರೆಯನ್ನು ಅರ್ಧಕ್ಕಿಳಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಸಕ್ಕರೆ ಬರೀ ಸಿಹಿಗಲ್ಲ, ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುವುದೂ ಅದೇ. 80 ಗ್ರಾಂಗಿಂತ ಕೆಳಗಿಳಿದರೆ ಕಲ್ಲಾಗುತ್ತದೆ, 150 ದಾಟಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ದಾರಿ ಏನೆಂದರೆ, 30 ಗ್ರಾಂ ಸಕ್ಕರೆಯ ಜಾಗದಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿ 30 ಗ್ರಾಂ ಹಾಕಿ. ಅದರ ಸಿಹಿ ಸಕ್ಕರೆಯ ಮುಕ್ಕಾಲಕ್ಕಿಂತ ಸ್ವಲ್ಪ ಕಡಿಮೆ, ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಸಿಹಿಯೂ ಇಳಿಯಿತು, ಅಜ್ಜಿಗೆ ಬೇಕಾದ ಮೆತ್ತನೆಯೂ ಬಂತು. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಇದು ಪರಿಹಾರವಲ್ಲ. ಇನ್ನೊಂದು ವಿಷಯ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹಾಗಾಗಿ ಬಿಸಿಯಲ್ಲಿ ರುಚಿ ನೋಡಿದಾಗ ಕೊಂಚ ಹೆಚ್ಚೇ ಅನ್ನಿಸಬೇಕು.

ಕಚ್ಚಿ ತಿನ್ನುವವರಿಗೆ ಮೂಲ ಮಿಶ್ರಣ ಬೇಡ, ಕುಲ್ಫಿಯೇ ಸರಿ. ಒಂದು ಲೀಟರ್ ಫುಲ್ ಕ್ರೀಂ ಹಾಲನ್ನು 450 ಮಿ.ಲೀ. ಆಗುವವರೆಗೆ ಇಂಗಿಸಿ, 60 ಗ್ರಾಂ ಸಕ್ಕರೆ, ಏಲಕ್ಕಿ ಹಾಕಿ ಅಚ್ಚಿಗೆ ಸುರಿಯಿರಿ. ಮಿಕ್ಸಿ ಮುಟ್ಟಿಸಬೇಡಿ, ಗಾಳಿ ಸೇರದಿರುವುದೇ ಅದರ ಗಟ್ಟಿತನ. ಇನ್ನೂ ಇಂಗಿಸಿದರೆ ಹಾಲಿನ ಸಕ್ಕರೆ ಹರಳಾಗಿ ಮರಳಿನಂತೆ ಸಿಗಬಹುದು.

ಹಣ್ಣಿನ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಬಾದಾಮಿ ಮಾವಿನ ತಿರುಳು ಗಟ್ಟಿ, 250 ಗ್ರಾಂ ನೇರವಾಗಿ ಸೇರಿಸಬಹುದು. ರಸಪುರಿಯಲ್ಲಿ ನೀರು ಜಾಸ್ತಿ. 350 ಗ್ರಾಂ ರಸವನ್ನು ಸಣ್ಣ ಉರಿಯಲ್ಲಿ 230ಕ್ಕೆ ಇಂಗಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಬಿಸಿಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ. ಸೀತಾಫಲಕ್ಕೆ ಇದರ ಉಲ್ಟಾ: ಕಾಯಿಸಿದರೆ ಕಹಿ, ಹಸಿ ತಿರುಳನ್ನೇ ಎರಡನೇ ಸಲ ತಿರುಗಿಸಿದ ಮೇಲೆ ಬೆರೆಸಿ. ಹಸಿ ಅನಾನಸ್ ಹಾಲಿನ ಪ್ರೋಟೀನನ್ನು ಮುರಿದು ಕಹಿ ಮಾಡುತ್ತದೆ, ಅದನ್ನು ಸಕ್ಕರೆಯಲ್ಲಿ ಬೇಯಿಸಲೇಬೇಕು. ಹಲಸಿನ ತೊಳೆಯಾದರೆ ಬೇಯಿಸಿ, ರುಬ್ಬಿ, ನಾರು ಸೋಸಿ.

ವಿ.ವಿ. ಪುರಂ ತಿಂಡಿ ಬೀದಿಯ ಬೆಣ್ಣೆ ಗುಲ್ಕನ್ ಇಷ್ಟಪಡುವವರು 60 ಗ್ರಾಂ ಗುಲ್ಕನ್ ಸೇರಿಸಿ, ಮೂಲದ ಸಕ್ಕರೆಯಲ್ಲಿ 30 ಗ್ರಾಂ ಕಡಿಮೆ ಮಾಡಿ. ಕಾಫಿಪ್ರಿಯರಿಗೆ 40 ಗ್ರಾಂ ಪುಡಿಯಿಂದ ಇಳಿಸಿದ 80 ಮಿ.ಲೀ. ಮೊದಲ ಡಿಕಾಕ್ಷನ್, ಅಷ್ಟೇ ಹಾಲು ಕಡಿಮೆ. ಚಿಕೋರಿ ಹೆಚ್ಚಿರುವ ಪುಡಿ ಬೇಡ. ತಣ್ಣಗಾದಾಗ ಕಾಫಿಯ ಘಮ ಹಿಂದೆ ಸರಿದು ಚಿಕೋರಿಯ ಕಹಿಯೇ ಎದ್ದು ನಿಲ್ಲುತ್ತದೆ.

ಹಾಲು ಒಗ್ಗದವರಿಗೆ 500 ಗ್ರಾಂ ಮಾವಿನ ತಿರುಳು, 100 ಗ್ರಾಂ ಸಕ್ಕರೆ ಕರಗಿಸಿದ 100 ಮಿ.ಲೀ. ನೀರು, ಅರ್ಧ ನಿಂಬೆಹಣ್ಣಿನ ರಸ. ಮಿಕ್ಸಿಯ ಕ್ರಮ ಅದೇ.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಓದಿ. 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ. ನಂತರ ತೂಕ ನೋಡಿ: ಐಸ್‌ಕ್ರೀಂ ಲೀಟರಿಗೆ 525 ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಗ್ರಾಂ ಹೆಚ್ಚಿರುವುದರಲ್ಲಿ ಗಾಳಿ ಕಡಿಮೆ. ಗಟ್ಟಿ ಬೇಕಾದವರು ಅದನ್ನು, ಹಗುರ ಬೇಕಾದವರು ಇನ್ನೊಂದನ್ನು ಆರಿಸಿ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ದಾರಿಯಿದ್ದರೆ ನಾಲ್ಕು ಪದರ ನ್ಯೂಸ್‌ಪೇಪರ್ ಸುತ್ತಿ ತನ್ನಿ. ಕರಗಿ ಮತ್ತೆ ಗಟ್ಟಿಯಾದದ್ದು ಯಾವ ಫ್ರೀಜರಿನಲ್ಲಿಟ್ಟರೂ ಮೊದಲಿನಂತಾಗದು.

ಫ್ರಾಸ್ಟ್‌ಫ್ರೀ ಫ್ರಿಜ್ಜು ಮಂಜು ಕರಗಿಸಲು ಆಗಾಗ ಒಳಗೇ ಬೆಚ್ಚಗಾಗುತ್ತದೆ. ಹರಳು ದಪ್ಪವಾಗುವುದು ಆಗಲೇ. ಡಬ್ಬಿಯನ್ನು ಬಾಗಿಲ ಬಳಿ ಬೇಡ, ಹಿಂಬದಿಗೆ ತಳ್ಳಿ, ಮೇಲ್ಮೈಗೆ ಬಟರ್ ಪೇಪರ್ ಅಂಟಿಸಿ. ಕರೆಂಟ್ ಹೋದರೆ ಬರುವವರೆಗೆ ಫ್ರೀಜರ್ ತೆಗೆಯಬೇಡಿ. ಮನೆಯಲ್ಲಿ ಮಾಡಿದ್ದು ಒಂದು ವಾರದೊಳಗೆ ಮುಗಿಯಲಿ.

ಬಡಿಸುವ ಮೊದಲು ಡಬ್ಬಿಯನ್ನು ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಗಟ್ಟಿ ಕೇಳಿದವರ ಪಾಲನ್ನು ಐದು ನಿಮಿಷಕ್ಕೇ ತೆಗೆದುಕೊಡಿ, ಅಜ್ಜಿಯ ಪಾಲು ಇನ್ನೊಂದು ಹತ್ತು ನಿಮಿಷ ಅಲ್ಲೇ ಇರಲಿ.