ರಿಯಾದ್‌ನಲ್ಲಿ ವ್ಯವಹಾರ: ಬಾಂಗಿನ ಹೊತ್ತಿಗೆ ದಿನ ಹೊಂದಿಸಿಕೊಳ್ಳುವ ಬಗೆ

ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಲ್ಲಿ ಯಾರನ್ನಾದರೂ ಭೇಟಿಯಾಗಲು ಹೊತ್ತು ಗೊತ್ತುಮಾಡುವ ಮೊದಲು ನಾನು ಆ ದಿನದ ಐದು ನಮಾಜುಗಳ ವೇಳೆಯನ್ನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಕೆಲಸಕ್ಕೆ ತಾಗುವುದು ನಾಲ್ಕು: ನಡುಹಗಲಿನ ಜುಹರ್, ಇಳಿಹೊತ್ತಿನ ಅಸರ್, ಸೂರ್ಯ ಮುಳುಗಿದಾಗಿನ ಮಗ್ರಿಬ್, ರಾತ್ರಿಯ ಇಶಾ. ಜುಹರ್ ವರ್ಷವಿಡೀ ಮಧ್ಯಾಹ್ನ 12ರ ಆಸುಪಾಸಿನಲ್ಲೇ ಬರುತ್ತದೆ. ಮಗ್ರಿಬ್ ಸೂರ್ಯನ ಜೊತೆ ಸರಿಯುತ್ತದೆ: ಡಿಸೆಂಬರಿನಲ್ಲಿ 5 ಗಂಟೆ ದಾಟಿದೊಡನೆ, ಜೂನ್‌ನಲ್ಲಿ ಮುಕ್ಕಾಲು ಏಳರ ಹೊತ್ತಿಗೆ. ಇಶಾ ಮಗ್ರಿಬ್ ಆದ ಒಂದೂವರೆ ಗಂಟೆಗೆ, ರಂಜಾನ್ ತಿಂಗಳಲ್ಲಿ ಎರಡು ಗಂಟೆಗೆ.

ಬಾಂಗು ಕೂಗಿದ ತಕ್ಷಣ ಎಲ್ಲರೂ ಏಳುವುದಿಲ್ಲ. ಬಾಂಗಿಗೂ ಸಾಮೂಹಿಕ ನಮಾಜಿಗೂ ನಡುವೆ ಸ್ವಲ್ಪ ಬಿಡುವಿರುತ್ತದೆ, ಮಗ್ರಿಬ್‌ನಲ್ಲಿ ಅದು ತೀರಾ ಕಡಿಮೆ. ವುಜೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು), ನಮಾಜು, ಮರಳಿ ಬರುವುದು ಸೇರಿ ಅರ್ಧ ಗಂಟೆ ಹಿಡಿಯಿರಿ. ಹನ್ನೊಂದೂವರೆಗೆ ಭೇಟಿ ಇಟ್ಟುಕೊಂಡರೆ ಬೆಲೆಯ ಮಾತು ಬರುವ ಹೊತ್ತಿಗೆ ಎದುರಿಗಿದ್ದವರು ಎದ್ದು ಹೋಗಬೇಕಾಗುತ್ತದೆ. ಹತ್ತಕ್ಕೆ ಶುರುಮಾಡಿ, ಇಲ್ಲವೇ ಜುಹರ್ ಮುಗಿದ ಮೇಲೆ ಒಂದಕ್ಕೆ ಇಡಿ. ಅವರು ನಮಾಜಿಗೆ ಹೋದಾಗ ಸುಮ್ಮನೆ ಕೂತು ಕಾಯುವುದೇ ಮರ್ಯಾದೆ. ಗಡಿಯಾರ ನೋಡಿಕೊಳ್ಳಬಾರದು. ನಮಾಜು ಮಾಡುತ್ತಿರುವವರ ಮುಂದಿನಿಂದ ಹಾದುಹೋಗಬಾರದು, ಹಿಂದಿನಿಂದ ಹೋಗಬೇಕು. 2021ರಿಂದ ಅಂಗಡಿಗಳು ನಮಾಜಿನ ಹೊತ್ತಲ್ಲೂ ತೆರೆದಿರಬಹುದು. ಆದರೂ ಚಿಕ್ಕ ಅಂಗಡಿಯವರು, ಗ್ಯಾರೇಜಿನವರು ಬಾಗಿಲು ಎಳೆಯುವುದುಂಟು.

ವಾರದ ಲೆಕ್ಕವೂ ಬೇರೆ. 2013ರಿಂದ ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಅವರ ಮೊದಲ ಕೆಲಸದ ದಿನ, ನಮಗೆ ರಜೆ. ಬೆಂಗಳೂರಿನ ಕಚೇರಿಯ ಜೊತೆ ಹೊಂದುವುದು ಸೋಮವಾರದಿಂದ ಗುರುವಾರದವರೆಗೆ ನಾಲ್ಕೇ ದಿನ. ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದಿದೆ, ಹಾಗಾಗಿ ನಮ್ಮ ಸಂಜೆ ಆರು ಅಲ್ಲಿ ಮೂರೂವರೆ. ಅಲ್ಲಿ ಅಸರ್ ಮುಗಿಸಿ ಯಾರಾದರೂ ಡ್ರಾಯಿಂಗ್ ಬದಲಿಸಿ ಎಂದರೆ ಊರಿನಲ್ಲಿ ಆಗಲೇ ಎಲ್ಲ ಮನೆಗೆ ಹೊರಟಿರುತ್ತಾರೆ. ಭಾನುವಾರ ಫೋನಿಗೆ ಸಿಗುವಂತೆ ಒಬ್ಬರನ್ನು ಊರಿನಲ್ಲಿ ನೇಮಿಸಿಯೇ ನಾನು ವಿಮಾನ ಹತ್ತುವುದು.

ಮಾತುಕತೆ ಶುರುವಾಗುವುದು ಗಹ್ವಾದಿಂದ, ಅಂದರೆ ಅರಬ್ಬಿ ಕಾಫಿಯಿಂದ. ಕಾಫಿ ಎಂದರೂ ನಮ್ಮ ಫಿಲ್ಟರ್ ಕಾಫಿಗೂ ಅದಕ್ಕೂ ಸಂಬಂಧವಿಲ್ಲ. ಹದವಾಗಿ ಮಾತ್ರ ಹುರಿದ ಬೀಜ, ಏಲಕ್ಕಿ, ಕೆಲವೆಡೆ ಕೇಸರಿ. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣ ತಿಳಿ ಹಳದಿ. ಸಿಹಿಗೆ ಪಕ್ಕದಲ್ಲಿ ಖರ್ಜೂರ. ಬಡಿಸುವವನ ಎಡಗೈಯಲ್ಲಿ ಉದ್ದ ಕೊಕ್ಕಿನ ಕಾಫಿ ಹೂಜಿ, ಅಂದರೆ ದಲ್ಲಾ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು, ಅಂದರೆ ಫಿಂಜಾನ್. ಬಟ್ಟಲಿನ ತಳದಲ್ಲಿ ಒಂದೆರಡು ಗುಟುಕು ಮಾತ್ರ ಹಾಕುತ್ತಾನೆ. ಜಿಪುಣತನ ಎಂದುಕೊಳ್ಳಬೇಡಿ, ಸ್ವಲ್ಪ ಸ್ವಲ್ಪವೇ ಬಿಸಿಯಾಗಿ ಮತ್ತೆ ಮತ್ತೆ ಹಾಕುವುದೇ ಅಲ್ಲಿನ ಉಪಚಾರ. ಬಲಗೈಯಲ್ಲೇ ತೆಗೆದುಕೊಳ್ಳಿ. ಖಾಲಿ ಬಟ್ಟಲನ್ನು ಸುಮ್ಮನೆ ಚಾಚಿದರೆ ಮತ್ತೆ ತುಂಬುತ್ತಾನೆ. ಸಾಕೆನಿಸಿದಾಗ ಬೆರಳ ನಡುವೆ ಹಿಡಿದು ಎರಡು ಸಲ ಅತ್ತಿತ್ತ ಅಲುಗಿಸಿ ಕೊಡಬೇಕು. ಮೊದಲ ಬಟ್ಟಲನ್ನು ಬೇಡ ಎನ್ನಬಾರದು. ಇದು ಮುಗಿದು, ಆರೋಗ್ಯ, ಮನೆಮಂದಿ, ಪ್ರಯಾಣ ಎಲ್ಲ ವಿಚಾರಿಸಿದ ಮೇಲೆ ಫೈಲ್ ಬಿಚ್ಚುವುದು. ಮನೆಯವರು ಹೇಗಿದ್ದಾರೆ ಎಂದು ಒಟ್ಟಾಗಿ ಕೇಳಿ, ಹೆಂಡತಿಯನ್ನು ಹೆಸರಿಸಿ ವಿಚಾರಿಸಬೇಡಿ. ಹೆಂಗಸರು ತಾವಾಗಿ ಕೈ ಚಾಚಿದರೆ ಮಾತ್ರ ಕೈಕುಲುಕಿ, ಇಲ್ಲದಿದ್ದರೆ ಎದೆಯ ಮೇಲೆ ಕೈಯಿಟ್ಟರೆ ಸಾಕು.

ಮಧ್ಯೆ ಬೇರೆಯವರು ಒಳಬಂದು ಮಾತಾಡಬಹುದು, ಫೋನ್ ಬರಬಹುದು. ಅದು ನಿಮಗೆ ಮಾಡಿದ ಅವಮಾನವಲ್ಲ. ‘ಇನ್‌ಶಾ ಅಲ್ಲಾ’ ಎಂದರೆ ಒಪ್ಪಿಗೆಯೂ ಇರಬಹುದು, ನಯವಾದ ನಿರಾಕರಣೆಯೂ ಇರಬಹುದು. ‘ಬುಕ್ರಾ’ ಎಂದರೆ ನಾಳೆ. ಎಷ್ಟು ಹೊತ್ತಿಗೆ, ಯಾರನ್ನು ಕಾಣಬೇಕು ಎಂದು ಅಲ್ಲೇ ಕೇಳಿಕೊಂಡು, ಅದನ್ನೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಕರಾರು ಎರಡು ಭಾಷೆಯಲ್ಲಿದ್ದರೆ ಕೋರ್ಟಿನಲ್ಲಿ ನಿಲ್ಲುವುದು ಅರಬ್ಬಿ ಪ್ರತಿ. ಸಹಿಗೆ ಮೊದಲು ಅದನ್ನು ನಿಮ್ಮದೇ ಅನುವಾದಕರಿಂದ ಓದಿಸಿ. ವ್ಯಾಟ್ 2020ರ ಜುಲೈಯಿಂದ ಶೇ. 15, ಕೊಟೇಶನ್‌ನಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಸ್ಪಷ್ಟವಾಗಿ ಬರೆಯಿರಿ. ರಿಯಾಲ್ ಡಾಲರಿಗೆ 3.75ರಂತೆ ಕಟ್ಟಿಕೊಂಡಿದೆ, ಹಾಗಾಗಿ ದರದ ಏರಿಳಿತದ ಚಿಂತೆ ರೂಪಾಯಿಯ ಕಡೆಯದು ಮಾತ್ರ.

ಅಂಕಿಗಳು ಮೊದಲು ಗಲಿಬಿಲಿ ಮಾಡುತ್ತವೆ. ಅರಬ್ಬಿ ಬರಹ ಬಲದಿಂದ ಎಡಕ್ಕೆ, ಅಂಕಿ ಮಾತ್ರ ನಮ್ಮಂತೆ ಎಡದಿಂದ ಬಲಕ್ಕೆ. ನಮ್ಮ ಕಣ್ಣಿಗೆ ಸೊನ್ನೆಯಂತೆ ಕಾಣುವ ದುಂಡಗಿನ ಅಂಕಿ ಅಲ್ಲಿ ಐದು. ಅವರ ಸೊನ್ನೆ ಬರೀ ಒಂದು ಚುಕ್ಕೆ. ಇಂಗ್ಲಿಷಿನ ಏಳರಂತಿರುವುದು ಆರು. ಕೈಬರಹದ ಬಿಲ್ಲಿನಲ್ಲಿ 50 ಎಂದರೆ ಒಂದು ವೃತ್ತ, ಪಕ್ಕದಲ್ಲೊಂದು ಚುಕ್ಕೆ. ವಿಮಾನದಲ್ಲೇ ಹತ್ತು ಅಂಕಿ ಕಲಿತುಬಿಡಿ.

ಪೆಟ್ಟಿಗೆ ಕಟ್ಟುವಾಗ ನಮ್ಮವರು ಎಡವುವುದು ಗಸಗಸೆಯಲ್ಲಿ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿ, ಕುರ್ಮಾಪುಡಿಯಲ್ಲೂ ಅದು ಸೇರಿರಬಹುದು, ಕೇಳಿಕೊಳ್ಳದೆ ಒಯ್ಯಬೇಡಿ. ಮದ್ಯ, ಹಂದಿಮಾಂಸ, ಗುಟ್ಕಾ ಬೇಡ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧಿಗಳು, ಅನುಮತಿಯಿಲ್ಲದೆ ಒಯ್ಯಬಾರದು. ಉಳಿದ ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯ ಸಮೇತ ಇಡಿ. ಉಡುಗೊರೆಗೆ ದೇವರ ವಿಗ್ರಹ ಬೇಡ. ಮೈಸೂರಿನ ಗಂಧದ ಸಾಬೂನನ್ನು ಸುಗಂಧಪ್ರಿಯರಾದ ಅವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಡೆಮೊ ಯಂತ್ರ ಒಯ್ಯುವವರಿಗೊಂದು ಎಚ್ಚರಿಕೆ: ಅಲ್ಲಿನ ವಿದ್ಯುತ್ 60 ಹರ್ಟ್ಜ್, ನಮ್ಮದು 50. ಇಂಡಕ್ಷನ್ ಮೋಟಾರು ಶೇ. 20ರಷ್ಟು ವೇಗವಾಗಿ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ ಹೊರೆ ಸುಮಾರು ಶೇ. 73 ಹೆಚ್ಚುತ್ತದೆ. ಮೋಟಾರು ಬಿಸಿಯಾಗಿ ಟ್ರಿಪ್ ಆಗುವುದು ಇದರಿಂದಲೇ. ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಹಾಕಿ, ಇಲ್ಲವೇ ಪಂಪಿನೊಳಗೆ ತಿರುಗುವ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಚಿಕ್ಕದು ಮಾಡಿಸಿ. ಪ್ಲಗ್ ಚೌಕ ಕಾಲಿನ ಬ್ರಿಟಿಷ್ ಮೂರು ಪಿನ್ನಿನದು.

ಸಸ್ಯಾಹಾರಿಗಳು ಕಬ್ಸಾ ಎಂಬ ಅಲ್ಲಿನ ಮಾಂಸದನ್ನದಲ್ಲಿ ಮಾಂಸ ಎತ್ತಿಟ್ಟು ಅನ್ನ ತಿಂದರಾಯಿತು ಎಂದುಕೊಳ್ಳಬಾರದು, ಅಕ್ಕಿ ಬೆಂದಿರುವುದೇ ಮಾಂಸದ ರಸದಲ್ಲಿ. ಬೇಳೆ ಸೂಪಿಗೂ ಕೋಳಿಯ ಸ್ಟಾಕ್ ಹಾಕುವುದುಂಟು, ಕೇಳಿ. ಬೆಳಗಿಗೆ ಫೂಲ್ ಮತ್ತು ತಮೀಸ್ ಒಳ್ಳೆಯ ಜೋಡಿ: ಬೇಯಿಸಿ ಮಸೆದ ದಪ್ಪ ಬೀನ್ಸಿಗೆ ಜೀರಿಗೆ, ಆಲಿವ್ ಎಣ್ಣೆ, ಜೊತೆಗೆ ತಂದೂರಿನಿಂದ ಆಗತಾನೇ ತೆಗೆದ ಅಗಲ ರೊಟ್ಟಿ. ಫಲಾಫಿಲ್, ಹಮ್ಮಸ್ ಎಲ್ಲೆಡೆ ಸಿಗುತ್ತವೆ. ರಂಜಾನ್ ಹಗಲಲ್ಲಿ ಹೊರಗೆ ನೀರನ್ನೂ ಕುಡಿಯಬಾರದು, ಕಾರಿನೊಳಗೂ ಬೇಡ. ಆ ತಿಂಗಳು ಉಪವಾಸವಿರುವವರ ಕೆಲಸದ ಅವಧಿ ದಿನಕ್ಕೆ ಆರೇ ಗಂಟೆ. ದೊಡ್ಡ ಮಾತುಕತೆಗಳು ರಾತ್ರಿ ಹತ್ತರ ಮೇಲೆ ನಡೆಯುತ್ತವೆ, ಹಗಲು ಮಲಗಿ ಸಿದ್ಧರಾಗಿರಿ.

ಓಡಾಟಕ್ಕೆ 2024ರ ಡಿಸೆಂಬರಿನಲ್ಲಿ ಶುರುವಾದ ಮೆಟ್ರೊ ಇದೆ. ನಾಲ್ಕು ರಿಯಾಲಿಗೆ ಎರಡು ಗಂಟೆ ಓಡಾಡಬಹುದು. ಒಂಟಿ ಗಂಡಸರು ಫ್ಯಾಮಿಲಿ ವಿಭಾಗಕ್ಕೆ ಹತ್ತಬಾರದು. ಹಳೆಯ ಬತ್‌ಹಾ ಪೇಟೆ ನೀಲಿ ಮಾರ್ಗದಲ್ಲಿದೆ. ಶುಕ್ರವಾರ ಮಧ್ಯಾಹ್ನದ ಜುಮಾ ನಮಾಜು ಮುಗಿಯುವವರೆಗೆ ಊರೆಲ್ಲ ನಿಶ್ಶಬ್ದ, ಅಸರ್ ನಂತರ ಬತ್‌ಹಾದ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರವಿಡೀ ದುಡಿದ ನಮ್ಮ ದೇಶದವರು ಊರಿಗೆ ಕಳಿಸುವ ಸಾಮಾನು ಕೊಳ್ಳುವುದು ಆಗಲೇ. ನಿಮ್ಮ ಖರೀದಿಯನ್ನೂ ಆ ಹೊತ್ತಿಗೇ ಇಟ್ಟುಕೊಳ್ಳಿ.