ಕುಶನ್ ತೊಳೆಯುವ ಮುಂಚೆ ಉಪ್ಪು ನೋಡಿ

ಕಾರವಾರದ ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೇ. ಆದರೂ ಜೋರು ಗಾಳಿ ಬೀಸಿದ ಮರುದಿನ ಬಾಲ್ಕನಿ ಕುರ್ಚಿಯ ಕುಶನ್ ಮೇಲೆ ಬೆರಳು ಸವರಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪುಪ್ಪು. ಸುಮ್ನೆ ಹೇಳುತ್ತಿಲ್ಲ, ನೀವೂ ಒಮ್ಮೆ ನೋಡಿ. ಸಾರಿಗೆ ಉಪ್ಪು ನೋಡಿದಂತೆ ಕುಶನ್ನಿಗೂ ನೋಡುವುದು ನಮ್ಮ ಕರಾವಳಿಯಲ್ಲಿ ಒಳ್ಳೆಯ ಅಭ್ಯಾಸ.

ಯಾಕೆ ಅಂತೀರಾ? ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ನೀರು ಬಿಡುವುದು ಇದಕ್ಕೇ. ಕುಶನ್ನಿನಲ್ಲಿ ಕೂತ ಉಪ್ಪೂ ಅದನ್ನೇ ಮಾಡುತ್ತದೆ. ಒಂದು ಹನಿ ಮಳೆ ಬೀಳದಿದ್ದರೂ ಬಟ್ಟೆ ಹಸಿಹಸಿ. ಆ ಹಸಿಯ ಮೇಲೆ ಧೂಳು, ಧೂಳಿನ ಮೇಲೆ ಬೂಷ್ಟು. ನಾವು ಕಪ್ಪು ಚುಕ್ಕೆ ಕಂಡ ಮೇಲೆ ಸೋಪು ಹಿಡಿದು ಓಡುತ್ತೇವೆ. ಅಷ್ಟರಲ್ಲಿ ತಡವಾಗಿರುತ್ತದೆ.

ಹಾಗಾಗಿ ಮೊದಲ ಕೆಲಸಕ್ಕೆ ಸೋಪೇ ಬೇಡ. ಮಳೆ ಇಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕುಶನ್ನನ್ನು ಬಡಿದು, ಮೆತ್ತನೆ ಬ್ರಶ್‌ನಿಂದ ಧೂಳು ಕೊಡವಿ, ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ. ಎರಡನೇ ಸಲ ನೀರು ಬದಲಿಸಿ. ಬೆಳಿಗ್ಗೆಯೇ ಮಾಡಿ, ಸಂಜೆಯೊಳಗೆ ಒಣಗಬೇಕು. ಸಿಹಿನೀರು ಅಂತ ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಸಮುದ್ರದ ಬದಿಯ ಎಷ್ಟೋ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವಳಾಗುತ್ತದೆ. ಆ ನೀರಲ್ಲಿ ತೊಳೆದರೆ ಉಪ್ಪು ತೆಗೆದು ಉಪ್ಪು ಹಾಕಿದಂತೆ. ನಲ್ಲಿ ನೀರು ಒಂದು ಬಕೆಟ್ ಹಿಡಿದಿಟ್ಟುಕೊಳ್ಳಿ. ಕುರ್ಚಿಯ ಕಬ್ಬಿಣದ ಕಾಲನ್ನೂ ಅದೇ ಬಟ್ಟೆಯಲ್ಲಿ ಒರೆಸಿಬಿಡಿ, ಕುಶನ್ನಿಗೆ ತುಕ್ಕಿನ ಕಲೆ ಹತ್ತುವುದು ಅಲ್ಲಿಂದಲೇ.

ಯಾವ ಬಟ್ಟೆ ಅಂತ ಗೊತ್ತಾ?

ಪೂರ್ತಿ ತೊಳೆಯಲು ಇಳಿಯುವ ಮೊದಲು ಇದು ತಿಳಿದಿರಬೇಕು. ಕವರ್ ಒಳಗಡೆ ಜಿಪ್ ಹತ್ತಿರ ಚೀಟಿ ಹೊಲಿದಿರುತ್ತಾರೆ, ಓದಿ. ಚೀಟಿ ಹರಿದುಹೋಗಿದ್ದರೆ ಒಳ ಹೊಲಿಗೆಯಿಂದ ಒಂದೇ ಎಳೆ ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ ಕಡ್ಡಿ ಗೀರಿ ನೋಡಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅಕ್ರಿಲಿಕ್ ಥರದ್ದು.

ಹೊರಾಂಗಣಕ್ಕೆಂದೇ ಬರುವ ದುಬಾರಿ ಅಕ್ರಿಲಿಕ್ ಬಟ್ಟೆಯಲ್ಲಿ ನೂಲು ತಯಾರಾಗುವಾಗಲೇ ಬಣ್ಣ ಬೆರೆಸಿರುತ್ತಾರೆ. ಅರಿಸಿನ ಕೊಂಬು ಮುರಿದರೆ ಒಳಗೂ ಹಳದಿ ಇರುತ್ತದಲ್ಲ, ಹಾಗೆ. ಬಿಸಿಲಿಗೆ ಬೇಗ ಮಾಸುವುದಿಲ್ಲ, ಬ್ಲೀಚ್ ಕೂಡ ತಡೆಯುತ್ತದೆ. ಅದರ ನೂಲು ಬೂಷ್ಟಿಗೆ ಊಟವಲ್ಲ, ಮೇಲಿನ ಕೊಳೆ ಮಾತ್ರ ಊಟ. ಹತ್ತಿಯಾದರೆ ನೂಲೇ ಊಟ. ಪಾಲಿಯೆಸ್ಟರ್ ಮೇಲೆ ಬಣ್ಣ ಮುದ್ರಿಸಿದ್ದು ಇವೆರಡರ ನಡುವೆ.

ಈ ವ್ಯತ್ಯಾಸ ನಾನು ಕಲಿತದ್ದು ಶಿರಸಿಯಲ್ಲಿ, ಸೋದರಮಾವನ ಮನೆಯ ಜಗಲಿಯಲ್ಲಿ. ಅಲ್ಲೊಂದು ಹಳೆಯ ಈಸಿ ಚೇರ್. ಕ್ಯಾನ್ವಾಸ್ ಬಟ್ಟೆಯ ಎರಡೂ ತುದಿಗೆ ಕೋಲು ತೂರಿಸಿದ್ದು. ಮಳೆಗಾಲ ಕಳೆದು ನೋಡಿದರೆ ಬೆನ್ನಿನ ಜಾಗವೆಲ್ಲ ಕಪ್ಪು ಚುಕ್ಕೆ. ನಾನು ದೊಡ್ಡ ಜಾಣನ ಹಾಗೆ ಬ್ಲೀಚ್ ದಂಡಿಯಾಗಿ ಸುರಿದು, ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಹಾಲಿನಂಥ ಬಿಳುಪು. ಅತ್ತೆ ಹೊಗಳಿದ್ದೂ ಹೊಗಳಿದ್ದೇ. ಹದಿನೈದು ದಿನದ ಮೇಲೆ ಮಾವ ಊಟ ಮುಗಿಸಿ, ಎಲೆ ಅಡಿಕೆಯ ಕವಳದ ಸಂಚಿ ಹಿಡಿದು ಒರಗಿದರು. ಚರ್ರ್ ಅಂತು. ಮಾವ ನೆಲದ ಮೇಲೆ, ಕಾಲು ಕುರ್ಚಿಯ ಮೇಲೆ. ಕವಳದ ಸಂಚಿ ಮಾತ್ರ ಕೈ ಬಿಟ್ಟಿರಲಿಲ್ಲ. "ಚೊಲೋ ತೊಳದ್ಯೋ ಮಾರಾಯ" ಅಂದರು. ಜಾಸ್ತಿ ಬ್ಲೀಚ್ ಹತ್ತಿಯ ನೂಲನ್ನೇ ತಿಂದುಹಾಕುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಪೂರ್ತಿ ತೊಳೆಯುವುದು

ವರ್ಷಕ್ಕೆ ಎರಡು ಸಲ ಸಾಕು. ಮೃಗಶಿರ ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ ಒಮ್ಮೆ. ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಇನ್ನೊಮ್ಮೆ.

ಕವರ್ ಬಿಚ್ಚಿ, ಜಿಪ್ ಮುಚ್ಚಿ, ಒಣ ಧೂಳು ಕೊಡವಿ. ಬೂಷ್ಟು ಇದ್ದರೆ ಮನೆಯೊಳಗೆ ಉಜ್ಜಲೇಬೇಡಿ. ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜಿ. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಧಾರಾಳವಾಯಿತು. ಅಂಟುವಾಳದ ನೀರೂ ನಡೆಯುತ್ತದೆ. ಬಿಳಿ ಬಟ್ಟೆಗೆ ಬೇಡ, ಕಂದು ಛಾಯೆ ಬರಬಹುದು. ಮೆತ್ತನೆ ಬ್ರಶ್‌ನಿಂದ ನೇಯ್ಗೆಯ ಜಾಡಿನಲ್ಲೇ ಉಜ್ಜಿ, ಹದಿನೈದು ನಿಮಿಷ ಹಾಗೇ ಬಿಡಿ. ಕಾರು ತೊಳೆಯುವ ಗನ್ ಹಿಡಿದು ಹೊಡೆಯುವವರಿದ್ದಾರೆ. ಹೊಲಿಗೆ ಬಿಡುತ್ತದೆ, ನೀರು ತಡೆಯುವ ಲೇಪವೂ ಹೋಗುತ್ತದೆ.

ಇನ್ನು ಜಾಲಿಸುವುದು. ಹೆಚ್ಚಿನವರು ಸೋಲುವುದು ಇಲ್ಲೇ. ಉಜ್ಜಲು ಹತ್ತು ನಿಮಿಷ ತೆಗೆದುಕೊಂಡರೆ ಜಾಲಿಸಲು ಇಪ್ಪತ್ತು ಕೊಡಿ. ಬಟ್ಟೆಯಲ್ಲಿ ಉಳಿದ ಸೋಪು ಧೂಳನ್ನು ಕರೆದು ಕೂರಿಸುತ್ತದೆ. ಹಿಂಡಿದಾಗ ನೊರೆ ಬರಬಾರದು, ಕೈಗೆ ಜಾರಬಾರದು. ನಾನು ಒಮ್ಮೊಮ್ಮೆ ಮೇ ಕೊನೆಯ ಅಡ್ಡಮಳೆಗೆ ಕಾದು, ಸೋಪು ಹಚ್ಚಿದ ಕವರನ್ನು ಸುರಿಯುವ ಮಳೆಗೇ ಹಗ್ಗದ ಮೇಲೆ ಹಾಕಿಬಿಡುತ್ತೇನೆ. ಇಷ್ಟು ಸಿಹಿನೀರು ಬೇರೆ ಯಾರು ಕೊಡುತ್ತಾರೆ? ಆದರೆ ಮಾಡಿನ ಕೆಳಗೆ ಹಾಕಬೇಡಿ. ಹಂಚಿನಿಂದ ಇಳಿಯುವ ನೀರಲ್ಲಿ ಪಾಚಿ, ಮಸಿ ಎಲ್ಲ ಇರುತ್ತದೆ.

ಬೂಷ್ಟು ಹೋಗದಿದ್ದರೆ? ಚೀಟಿಯಲ್ಲಿ ಬ್ಲೀಚ್ ಆಗುತ್ತದೆ ಎಂದು ಬರೆದ ಅಕ್ರಿಲಿಕ್ ಬಟ್ಟೆಗೆ ಮಾತ್ರ, ಒಂದು ಲೀಟರ್ ನೀರಿಗೆ 60 ಮಿ.ಲೀ. ಮನೆಬಳಕೆಯ ಬ್ಲೀಚ್ ದ್ರಾವಣ, ಒಂದು ಚಮಚ ಸೋಪು. 15 ನಿಮಿಷಕ್ಕಿಂತ ಜಾಸ್ತಿ ಬೇಡ. ಕೈಗವಸು ಹಾಕಿಕೊಳ್ಳಿ, ಬಯಲಲ್ಲೇ ಮಾಡಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದಲ್ಲ. ಅದರಲ್ಲಿ ಕ್ಲೋರಿನ್ ಎಷ್ಟೋ ಪಟ್ಟು ಜಾಸ್ತಿ, ಬಟ್ಟೆಯ ಮೇಲೆ ಉದುರಿಸಬೇಡಿ. ಹತ್ತಿಗೆ, ಮುದ್ರಿತ ಪಾಲಿಯೆಸ್ಟರಿಗೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು ಬೆರೆಸಿ ಹಚ್ಚಿ ನೋಡಿ. ಹಗುರ ಬೂಷ್ಟಿಗೆ ಸಾಕು, ಹಳೆಯ ಕಪ್ಪು ಕಲೆ ಪೂರ್ತಿ ಹೋಗದು. ಒಂದು ಮಾತು ಮಾತ್ರ ಮರೆಯಬೇಡಿ: ಬ್ಲೀಚ್ ಜೊತೆ ವಿನೆಗರ್ ಆಗಲಿ, ಬಾತ್‌ರೂಮ್ ತೊಳೆಯುವ ಆಸಿಡ್ ಆಗಲಿ ಬೆರೆಸಲೇಬೇಡಿ. ವಿಷದ ಗಾಳಿ ಏಳುತ್ತದೆ.

ಕಲೆಗಳಲ್ಲಿ ನಮ್ಮ ಮನೆಯ ಮುಖ್ಯ ಅತಿಥಿ ಮೀನು ಸಾರು. ಅರಿಸಿನದ ಕಲೆಗೆ ಸೋಪು ತಾಗಿಸಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೀಳಬೇಡಿ. ಎಣ್ಣೆ ಜಿಡ್ಡು ತೆಗೆದು, ಜಾಲಿಸಿ, ಆ ಭಾಗ ಬಿಸಿಲಿಗೆ ಬರುವಂತೆ ಒಣಗಿಸಿ. ಎರಡು ಮೂರು ಬಿಸಿಲಿಗೆ ಮಾಸುತ್ತದೆ. ಮುರುಗಲು ಪಾನಕ ಚೆಲ್ಲಿದರೆ ಕೂಡಲೇ ತಣ್ಣೀರು. ತೆಂಗಿನೆಣ್ಣೆಗೆ ಕಡಲೆಹಿಟ್ಟು ಉದುರಿಸಿ, ಅರ್ಧ ಗಂಟೆ ಬಿಟ್ಟು, ಕೊಡವಿ, ಆಮೇಲೆ ಸೋಪು. ಗೇರುಹಣ್ಣಿನ ಕಲೆಗೆ ಮದ್ದಿಲ್ಲ, ಕುಶನ್ ಮಗುಚಿ ಹಾಕಿ.

ಒಣಗಿಸುವುದು

ಕವರನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಒಳಗಿನ ಫೋಮ್ ಒದ್ದೆಯಾಗಿದ್ದರೆ ಅದನ್ನು ಹಿಂಡಬಾರದು, ಹರಿಯುತ್ತದೆ. ಎರಡು ಅಂಗೈಯಿಂದ ಒತ್ತಿ ಒತ್ತಿ ನೀರು ಇಳಿಸಿ. ಆಮೇಲೆ ಎರಡು ಇಟ್ಟಿಗೆಯ ಮೇಲೆ ಅಡ್ಡಂಚಿನಲ್ಲಿ ನಿಲ್ಲಿಸಿ, ನೆರಳಲ್ಲಿ, ಗಾಳಿಗೆ. ಬಿಸಿಲಿಗೆ ಬಿಟ್ಟರೆ ಫೋಮ್ ಹಳದಿಯಾಗಿ ಪುಡಿಪುಡಿ ಉದುರುತ್ತದೆ. ಶಿರಸಿ ಕಡೆಯವರಿಗೆ ಅಡಿಕೆ ಅಟ್ಟ ಖಾಲಿ ಇದ್ದರೆ ಅದರ ಕೆಳಗಿನ ನೆರಳು ಹೇಳಿ ಮಾಡಿಸಿದ ಜಾಗ.

ಮೇಲೆ ಮುಟ್ಟಿ ಒಣಗಿದೆ ಅಂದುಕೊಳ್ಳಬೇಡಿ. ಹಳೆಯ ಬಿಳಿ ಪಂಚೆ ನಾಲ್ಕು ಮಡಿಕೆ ಮಾಡಿ ಫೋಮ್ ಮೇಲೆ ಹಾಸಿ, ಒಂದು ನಿಮಿಷ ಅದರ ಮೇಲೆ ಕೂತು ಏಳಿ. ಪಂಚೆ ತಣ್ಣಗಾಗಿದ್ದರೆ ಇನ್ನೊಂದು ದಿನ ಬೇಕು.

ಎಲ್ಲ ಒಣಗಿದ ಮೇಲೆ ಕವರ್ ಮೇಲೆ ನಾಲ್ಕು ಹನಿ ನೀರು ಬಿಡಿ. ಕೆಸುವಿನೆಲೆಯ ಮೇಲಿನ ಹಾಗೆ ಹನಿ ಉರುಳಿದರೆ ಲೇಪ ಇನ್ನೂ ಇದೆ. ಬಟ್ಟೆ ಕುಡಿದುಬಿಟ್ಟರೆ ನೀರು ತಡೆಯುವ ಸ್ಪ್ರೇ ಹೊಡೆಯುವ ಸಮಯ. ಕೊಳೆ ಇರುವಾಗ ಹೊಡೆದರೆ ದಂಡ. ಜಿಪ್ಪಿಗೆ ಮೇಣದಬತ್ತಿ ಸವರಿ, ಉಪ್ಪುಗಾಳಿಗೆ ಬಿಗಿಯದೆ ಇರುತ್ತದೆ.

ಮಳೆಗಾಲಕ್ಕೆ ಒಳಗಿಡುವಾಗ ನನ್ನಂತೆ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಿಗಿಯಾಗಿ ಕಟ್ಟಬೇಡಿ. ಮೊದಲ ವರ್ಷ ಹಾಗೆ ಮಾಡಿ, ಚೌತಿಗೆ ನೆಂಟರು ಬಂದಾಗ ಬಿಚ್ಚಿದರೆ ಮುಗ್ಗಲು ವಾಸನೆ ದೇವರ ಮುಂದಿನ ಊದುಬತ್ತಿಯನ್ನೂ ಮೀರಿಸಿತ್ತು. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ, ಒಂದರ ಮೇಲೊಂದು ಒಟ್ಟದೆ ನಿಲ್ಲಿಸಿಡಿ. ಮಳೆ ಹೊಳವಾದ ದಿನ ಹೊರಗೆ ತೆಗೆದು ಬೆನ್ನು ಬದಲಿಸಿ. ಈಗ ನಮ್ಮ ಮನೆಯಲ್ಲಿ ಅವು ಅಡುಗೆಮನೆ ಪಕ್ಕದ ಅಟ್ಟದ ಮೇಲಿರುತ್ತವೆ. ಬೆಕ್ಕು ಅಲ್ಲೇ ಮಲಗುತ್ತದೆ. ಬೆಕ್ಕಿನ ಕೂದಲು ತೆಗೆಯುವುದು ಬೂಷ್ಟು ತೆಗೆಯುವುದಕ್ಕಿಂತ ಸುಲಭ, ಅಲ್ವಾ?